ಅತ್ತೆಯ ರಕ್ತ, ನನ್ನ ಹೆಸರು

ನನ್ನ ಗಂಡನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮಾವನಿಗೂ ಅಷ್ಟೇ. ಸೋಲಾಪುರದಲ್ಲಿ ಇದು ಹೊಸದೇನಲ್ಲ; ಮನೆಯ ಜಗಳವೆಲ್ಲ ಕನ್ನಡದಲ್ಲಿ, ಸಾಲೆ ಮರಾಠಿಯಲ್ಲಿ. ನಾನು ಇಂಡಿ ತಾಲ್ಲೂಕಿನವಳು, ಹತ್ತನೆಯ ತನಕ ಕನ್ನಡ ಸಾಲೆ ಕಲಿತವಳು. ಹೀಗಾಗಿ ಈ ಮನೆಯಲ್ಲಿ ನಾನು ಏನನ್ನಾದರೂ ಬಚ್ಚಿಡಬೇಕೆಂದರೆ ಬೀಗ ಬೇಕಾಗಿಲ್ಲ. ಕನ್ನಡದಲ್ಲಿ ಬರೆದು ಟಿವಿಯ ಮೇಲೆ ಇಟ್ಟರೂ ಸಾಕು. ಇದನ್ನೂ ಹಾಗೆಯೇ ಇಟ್ಟಿದ್ದೇನೆ.

ನನಗೆ ಥೈರಾಯಿಡ್. ನಾಲ್ಕು ವರ್ಷದ ಹಿಂದೆ ರಕ್ತ ತಪಾಸಿಸಿದಾಗ ಟಿಎಸ್‌ಎಚ್ ಎಂಬುದು ಹದಿನೆಂಟು ಬಂದಿತ್ತು. ನಾಲ್ಕೂವರೆಯೊಳಗೆ ಇರಬೇಕಂತೆ. ಬೆಳಿಗ್ಗೆ ಎದ್ದ ಕೂಡಲೇ ಬರೀ ಹೊಟ್ಟೆಯಲ್ಲಿ ಒಂದು ಬಿಳಿ ಗುಳಿಗೆ, ಅದರ ಮೇಲೆ ಒಂದು ತಾಸು ಚಹಾ ಇಲ್ಲ. ಒಂದು ದಿನವೂ ತಪ್ಪಿಸಿದವಳಲ್ಲ. ಮೂರು ತಿಂಗಳಿಗೆ ರಿಪೋರ್ಟ್ ನಾರ್ಮಲ್ ಆಯಿತು. ನಾನು ಆಗಲಿಲ್ಲ.

ಸೋಲಾಪುರದ ಮೇ ತಿಂಗಳೆಂದರೆ ಡಾಂಬರು ಚಪ್ಪಲಿಗೆ ಅಂಟುವ ಕಾಲ. ಮನೆಯವರೆಲ್ಲ ಕೂಲರಿನ ಮುಂದೆ ಬಾಯಿ ತೆರೆದು ಕೂತಿದ್ದರೆ ನಾನು ಒಳಕೋಣೆಯಲ್ಲಿ ಚಾದರ ಹೊದ್ದು ನಡುಗುತ್ತಿದ್ದೆ. ಬಾಚಣಿಗೆಗೆ ಕೂದಲು ಬರುತ್ತಿತ್ತು ಅನ್ನುವುದಕ್ಕಿಂತ, ತಲೆಯಲ್ಲಿ ಒಂದಿಷ್ಟು ಉಳಿಯುತ್ತಿತ್ತು ಅನ್ನಬೇಕು. ಸಾರಿಗೆ ಒಮ್ಮೆ ಎರಡು ಸಲ ಉಪ್ಪು, ಒಮ್ಮೆ ಉಪ್ಪೇ ಇಲ್ಲ. ಕಾಲು ಬಾತಿದ್ದವು, ದನಿ ಒಡೆದಿತ್ತು. ಒಂಬತ್ತು ತಾಸು ಮಲಗಿ ಎದ್ದರೂ ಆಗಷ್ಟೇ ಕಬ್ಬು ಕಡಿದು ಬಂದವಳ ಹಾಗೆ ಮೈಕೈ ನೋವು. ಮೆಟ್ಟಿಲು ಹತ್ತುವಾಗ ನಡುವೆ ಎಲ್ಲೋ ಕೂತುಬಿಡಬೇಕು, ಅಲ್ಲೇ ಇದ್ದುಬಿಡಬೇಕು ಅನಿಸುತ್ತಿತ್ತು. ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ. ಅವರು ಕಾಗದದಿಂದ ತಲೆ ಎತ್ತಲಿಲ್ಲ. "ರಿಪೋರ್ಟ್ ಏಕದಮ್ ನಾರ್ಮಲ್ ಆಹೆ, ಬಾಯಿ. ಥೋಡ ವಾಕಿಂಗ್ ಕರಾ," ಅಂದರು. ಮೆಟ್ಟಿಲು ಹತ್ತಲಾರೆ ಅಂದವಳಿಗೆ ವಾಕಿಂಗ್!

ಗಂಡ ಗುರುಶಾಂತ, ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಟಾವೆಲ್ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ದಿನವಿಡೀ ಟಾವೆಲ್ ತೂಗುವುದು, ಅಳೆಯುವುದು. ಇಷ್ಟರಿಂದ ಇಷ್ಟರೊಳಗೆ ಬಂದರೆ ಪಾಸ್, ಆಚೆ ಹೋದರೆ ರಿಜೆಕ್ಟ್. ಕೆಟ್ಟ ಮನುಷ್ಯನೇನಲ್ಲ, ಕೇಳದೆಯೇ ಹಬ್ಬಕ್ಕೆ ಸೀರೆ ತರುತ್ತಾನೆ. (ಎದುರಿಗೆ ನೀವು, ತಾವು. ಬರೆಯುವಾಗ ಅವನು, ಇವನು. ಓದಲು ಬರುವುದಿಲ್ಲವಲ್ಲ.)

"ನೋಡು," ಅನ್ನುತ್ತಿದ್ದ, ರಿಪೋರ್ಟಿನ ಮೇಲೆ ಬೆರಳಿಟ್ಟು. "ರೇಂಜ್ ಅದ ಪಾಯಿಂಟ್ ನಾಕರಿಂದ ನಾಕೂವರಿ ತನಕ. ನಿಂದು ಮೂರು ಪಾಯಿಂಟ್ ಎಂಟು. ಪಾಸ್ ಆಗೀದಿ."

"ನನಗ ಆರಾಮಿಲ್ಲರಿ."

"ಆರಾಮಿಲ್ಲಂದ್ರ ಇದರಾಗ ಬರಬೇಕಲ್ಲ?"

ಮಾವ ಸಾತಲಿಂಗಪ್ಪನವರು ಇನ್ನೂ ಒಂದು ಕೈ ಮೇಲು. ಅವರು ನಿವೃತ್ತ ತಲಾಠಿ. ಮೂವತ್ತು ವರ್ಷ ಹಳ್ಳಿ ಹಳ್ಳಿಯ ಹೊಲದ ಲೆಕ್ಕ ಬರೆದವರು. ಯಾವ ಹೊಲ ಯಾರದು, ಅದರಲ್ಲಿ ಯಾವ ಬೆಳೆ ನಿಂತಿದೆ ಎಂಬುದು ಅವರ ಉತಾರದ, ಅಂದರೆ ಪಹಣಿಯ, ಮೇಲೆ ಬಂದರೆ ಉಂಟು, ಇಲ್ಲವಾದರೆ ಇಲ್ಲ. ನನ್ನ ರಿಪೋರ್ಟುಗಳಿಗೆ ತೂತು ಹೊಡೆದು, ದಾರ ಕಟ್ಟಿ, ಒಂದು ಫೈಲು ಮಾಡಿ, ಹೊಲದ ಕಾಗದಗಳ ಪಕ್ಕದಲ್ಲೇ ಕಪಾಟಿನಲ್ಲಿ ಇಟ್ಟಿದ್ದರು. "ಕಾಗದದಾಗ ಏನದ ಅದೇ ಖರೆ, ಶೈಲಾ. ಬಾಯಿಮಾತು ಎಲ್ಲೂ ನಡಿಯಂಗಿಲ್ಲ," ಅನ್ನುತ್ತಿದ್ದರು. ಸಿಟ್ಟಿನಿಂದಲ್ಲ, ಬುದ್ಧಿ ಹೇಳುವ ದನಿಯಲ್ಲಿ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬರುತ್ತಿತ್ತು.

ಇನ್ನು ಅತ್ತೆ ಪಾರ್ವತಿಬಾಯಿ. ಅರವತ್ತಾರು ವರ್ಷ. ಬೆಳಗಿನ ನಾಲ್ಕಕ್ಕೆ ಎದ್ದು, ಸ್ನಾನ ಪೂಜೆ ಮುಗಿಸಿ, ಐದಕ್ಕೆ ಹಿಟ್ಟಿನ ಪರಾತದ ಮುಂದೆ ಕೂತರೆ ಏಳಕ್ಕೆ ನಲವತ್ತು ಜೋಳದ ರೊಟ್ಟಿ. "ನಮ್ಮ ಕಾಲಕ್ಕ ಇವೆಲ್ಲಾ ಬ್ಯಾನಿ ಇರಲಿಲ್ಲವಾ," ಅನ್ನುತ್ತಿದ್ದರು ನನ್ನನ್ನು ನೋಡಿ. "ಕೆಲಸ ಇತ್ತು. ಬ್ಯಾನಿಗಿ ಪುರುಸೊತ್ತು ಇರಲಿಲ್ಲ."

ನಾಲ್ಕು ವರ್ಷದಲ್ಲಿ ನನಗೆ ಗುಣವಾಗುವ ಆಸೆಯೂ ಹೋಗಿತ್ತು. ಒಂದೇ ಒಂದು ಬೇಕಾಗಿತ್ತು. ಈ ಮನೆಯಲ್ಲಿ ಯಾರಾದರೂ ಒಬ್ಬರು, ಒಂದು ಸಲ, ನನ್ನ ಮುಖ ನೋಡಿ "ಶೈಲಾಗ ಆರಾಮಿಲ್ಲ" ಅನ್ನಬೇಕು. ಅನ್ನುವುದಕ್ಕೆ ರೊಕ್ಕ ಬೀಳುವುದಿಲ್ಲ. ಆದರೂ ಯಾರೂ ಅನ್ನಲಿಲ್ಲ.

ಮೇಲಾಗಿ ಎಳ್ಳಮವಾಸ್ಯೆ ಹತ್ತಿರ ಬರುತ್ತಿತ್ತು. ನಮ್ಮ ಹೊಲ ಅಕ್ಕಲಕೋಟೆಯಿಂದ ಆಚೆಗೆ ಐದಾರು ಮೈಲಿ; ಮೈದುನ ಸಿದ್ಧರಾಮ ಅಲ್ಲಿದ್ದು ನೋಡಿಕೊಳ್ಳುತ್ತಾನೆ. ಎಳ್ಳಮವಾಸ್ಯೆಯ ದಿನ ಬೆಳೆದು ನಿಂತ ಜೋಳದ ನಡುವೆ ಪೂಜೆ ಮಾಡಿ, ಹೊಲಕ್ಕೆಲ್ಲ ನೈವೇದ್ಯದ ಚರಗ ಚೆಲ್ಲಿ, ನೂರು ನೂರಿಪ್ಪತ್ತು ಮಂದಿ ಹೊಲದಲ್ಲೇ ಕೂತು ಉಣ್ಣುತ್ತಾರೆ. ಅಷ್ಟು ಮಂದಿಯ ಖಡಕ್ ರೊಟ್ಟಿ ಒಂದು ತಿಂಗಳ ಮೊದಲಿನಿಂದ ಸೋಲಾಪುರದ ನಮ್ಮ ಅಡುಗೆಮನೆಯಲ್ಲೇ ಬಡಿದು, ಒಣಗಿಸಿ, ಬುಟ್ಟಿ ತುಂಬಿಸಬೇಕು. ಹಬ್ಬಕ್ಕೆ ಮೂರು ದಿನ ಮೊದಲು ಊರಿಗೆ ಹೋಗಿ ಸಜ್ಜೆ ಕಡಬು, ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ. ಹಿಂದಿನ ವರ್ಷ ನಾನು ಹೋಳಿಗೆಯ ಹಂಚಿನ ಮುಂದೆ ಕೂತಲ್ಲೇ ನಿದ್ದೆ ಹೋಗಿದ್ದೆ. ಆ ಕಥೆಯನ್ನು ನಮ್ಮ ಬೀಗರು ಇನ್ನೂ ನಗುತ್ತ ಹೇಳುತ್ತಾರೆ. ಈ ವರ್ಷ ನನ್ನಿಂದ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಮೂರು ಪಾಯಿಂಟ್ ಎಂಟು ಇರುವವಳು ಆಗುವುದಿಲ್ಲ ಅನ್ನುವುದು ಹೇಗೆ?

ದೀಪಾವಳಿ ಮುಗಿದ ಮೇಲಿನ ಗುರುವಾರ ಅತ್ತೆ ಪಕ್ಕದ ಮನೆಯ ಉಮಾಬಾಯಿಯವರ ಜೊತೆ ಅಕ್ಕಲಕೋಟೆಗೆ ದರ್ಶನಕ್ಕೆ ಹೋದರು. ಎರಡು ತಾಸು ಪಾಳಿಯಲ್ಲಿ ನಿಂತು ಹೊರಬಿದ್ದರೆ, ಎದುರಿಗಿನ ಒಂದು ಮಂಗಲ ಕಾರ್ಯಾಲಯದಲ್ಲಿ ಫುಕಟ್ ರಕ್ತ ತಪಾಸಣೆ ನಡೆದಿತ್ತು. ರಕ್ತ ಕೊಟ್ಟವರಿಗೆ ಕೂಡಲು ಕುರ್ಚಿ, ಒಂದು ಬಿಸ್ಕಿಟ್ ಪುಡೆ. ಕುರ್ಚಿಯ ಆಸೆಗೆ ಇಬ್ಬರೂ ಕೈ ಚಾಚಿ ಬಂದರು. ಎರಡು ದಿನಕ್ಕೆ ಗುರುಶಾಂತನ ಫೋನಿಗೆ ರಿಪೋರ್ಟ್ ಬಂತು. ಅತ್ತೆಯ ಟಿಎಸ್‌ಎಚ್ ಹನ್ನೊಂದು ಪಾಯಿಂಟ್ ಆರು.

ಮನೆಗೆ ಸಿಡಿಲು ಬಡಿದಂತಾಯಿತು. ಬಡಿಯದೇ ಇದ್ದದ್ದು ಅತ್ತೆಗೆ ಮಾತ್ರ.

"ನನಗೇನ ಆಗೇದ?" ಅಂದರು. "ಉಣತೀನಿ, ಮಕ್ಕೋತೀನಿ, ನಾಕಕ್ಕ ಏಳತೀನಿ. ಇವತ್ತರೆ ನಲವತ್ತ ರೊಟ್ಟಿ ಬಡದೀನಿ."

"ನಿನಗ ಗೊತ್ತಾಗಂಗಿಲ್ಲ," ಅಂದರು ಮಾವ. "ಕಾಗದದಾಗ ಬಂದದ."

"ಅವ್ವಾ, ರೇಂಜಿನ ಎರಡೂವರಿ ಪಟ್ಟು ಹೊರಗ ಹೋಗೀದಿ," ಅಂದ ಗುರುಶಾಂತ. "ನಮ್ಮ ಕಾರ್ಖಾನ್ಯಾಗ ಇಷ್ಟ ಹೋದ್ರ ಪೂರಾ ಲಾಟ್ ರಿಜೆಕ್ಟ್."

"ರಿಜೆಕ್ಟ್ ಮಾಡಿ ನಿಮ್ಮವ್ವನ್ನ ಎಲ್ಲಿ ಒಗಿಯಾಂವಪ್ಪ?"

ಒಗೆಯಲಿಲ್ಲ. ನಡುಮನೆಯಲ್ಲಿ ಮಂಚ ಹಾಕಿದರು. ಹೊಸ ಚಾದರ ಬಂತು, ಎಳನೀರು ಬಂತು, ಸೇಬು ಬಂತು. ಅದೇ ಡಾಕ್ಟರು, ಅದೇ ಗುಳಿಗೆ. ಅತ್ತೆಗೆ ಮಾವ ದಿನವೂ ಬೆಳಿಗ್ಗೆ ತಂಬಿಗೆಯಲ್ಲಿ ಉಗುರುಬೆಚ್ಚಗಿನ ನೀರು ತಂದು, ಎದುರಿಗೆ ನಿಂತು ನುಂಗಿಸುತ್ತಿದ್ದರು. ನಾನು ನಳದ ಕೆಳಗೆ ಬೊಗಸೆ ಒಡ್ಡಿ ನುಂಗುತ್ತಿದ್ದೆ. ಸುದ್ದಿ ಹರಡಿ ಬೋರಾಮಣಿಯಿಂದ, ಭಂಡಾರಕವಠೆಯಿಂದ ಬೀಗರು ಬಂದು, ಮಂಚದ ಸುತ್ತ ಕೂತು, "ಇಷ್ಟ ಬ್ಯಾನಿ ಇಟ್ಟಕೊಂಡು ಹೆಂಗ ದುಡದಾಳಪ್ಪ" ಎಂದು ಕಣ್ಣು ಒರೆಸಿಕೊಂಡರು. ಅವರಿಗೆಲ್ಲ ಚಹಾ ಮಾಡಿದವಳು ನಾನು. ಅತ್ತೆಯ ಪಾಲಿನ ನಲವತ್ತು ರೊಟ್ಟಿಯೂ ನನ್ನ ಪಾಲಿಗೇ ಬಂತು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರೆ. ಮಂಚ ಬೇಕಾದವಳಿಗೆ ಪರಾತ, ಪರಾತ ಬೇಕಾದವರಿಗೆ ಮಂಚ.

ಹನ್ನೆರಡನೆಯ ದಿನ ಮಾವ ಅದೇನೋ ಕಾಗದಕ್ಕೆಂದು ಅಕ್ಕಲಕೋಟೆಯ ತಹಶೀಲ ಕಚೇರಿಗೆ ಹೋಗಿದ್ದರು. ಗುರುಶಾಂತ ಕೆಲಸಕ್ಕೆ ಹೋಗಿದ್ದ. ನಾನು ಖಡಕ್ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಹಿಂದೆ ನೆರಳು ಬಿತ್ತು. ಅತ್ತೆ ಎದ್ದು ಬಂದಿದ್ದರು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು.

"ಏಳು," ಅಂದರು.

"ಅತ್ತೀ, ನೀವು ಮಕ್ಕೋರಿ. ಮಾವ ಬಂದ್ರ ಬೈತಾರ."

"ಹನ್ನೆರಡ ದಿನ ಮಕ್ಕೊಂಡೀನಿ. ನನ್ನ ಬೆನ್ನ ಹುಣ್ಣಾಗೇದ." ಅವರು ನನ್ನ ಕೈಯಿಂದ ಹಿಟ್ಟು ಕಸಿದುಕೊಂಡರು. "ಮಂಚದ ಮ್ಯಾಲಿಂದ ಅಡಗಿಮನಿ ಪೂರಾ ಕಾಣಸ್ತದ, ಗೊತ್ತದ ಏನ ನಿನಗ? ಮುಂಜಾನಿಂದ ನೀ ಏಳು ಸಲ ಗ್ವಾಡಿಗಿ ತಲಿ ಹಚ್ಚಿ ಕುಂತಿ. ಉದ್ಯೋಗಿಲ್ಲದಾಕಿ ನಾ, ಎಣಿಸೀನಿ. ಹೋಗು, ನನ್ನ ಮಂಚದ ಮ್ಯಾಲ ಮಕ್ಕೋ."

"ಯಾರರೆ ಬಂದ್ರ?"

"ಬಂದ್ರ ಬರಲಿ. ಚಾದರ ಎಳಕೊಂಡ ಮ್ಯಾಲ ಪಾರ್ವತಿ ಯಾರು, ಶೈಲಾ ಯಾರು?"

ವಾದ ಮಾಡಲೂ ಶಕ್ತಿ ಬೇಕು. ನನ್ನಲ್ಲಿ ಇರಲಿಲ್ಲ. ಹೋಗಿ ಮುಖದ ಮೇಲೆ ಚಾದರ ಎಳೆದುಕೊಂಡು ಬಿದ್ದೆ. ಕಣ್ಣು ಹತ್ತಿ ಎಷ್ಟು ಹೊತ್ತಾಗಿತ್ತೋ, ಯಾರೋ ಕಾಲು ಹಿಡಿದಂತಾಗಿ ಎಚ್ಚರವಾಯಿತು. ಉಮಾಬಾಯಿಯವರ ದನಿ.

"ಮಕ್ಕೊಂಡೀ ಏನ ಪಾರವ್ವಾ? ಏಳಬ್ಯಾಡ, ಏಳಬ್ಯಾಡ. ಅಯ್ಯ ಶಿವನ, ಕಾಲ್ ನೋಡು ಹೆಂಗ ಬಾತಾವ! ಬರ್ಫ ಆದಂಗ ಥಂಡ್ ಆಗ್ಯಾವ. ಇಷ್ಟ ತ್ರಾಸ ತಡಕೊಂಡು ಒಂದ ದಿನ ಬಾಯಿ ಬಿಟ್ಟ ಹೇಳಲಿಲ್ಲಲ್ಲ ನನ್ನವ್ವಾ."

ಚಾದರದ ಹೊರಗೆ ಚಾಚಿದ್ದ ಕಾಲು ನನ್ನವು. ನಾನು ಉಸಿರು ಬಿಗಿಹಿಡಿದು ಮಲಗಿದೆ. ಅವರು ಮಂಚದ ತುದಿಗೆ ಕೂತು ಮೆಲ್ಲಗೆ ಒತ್ತತೊಡಗಿದರು. ಅತ್ತೆ ಅಡುಗೆಮನೆಯ ಪರದೆ ಎಳೆದುಕೊಂಡಿದ್ದರು. ಒಳಗಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಉಮಾಬಾಯಿ ದನಿ ತಗ್ಗಿಸಿದರು. ಅವರು ತಗ್ಗಿಸಿದ ದನಿ ಎರಡು ಮನೆಗೆ ಕೇಳುತ್ತದೆ.

"ಸೊಸಿ ನೋಡು, ಹೆಂಗ ಬಡ್ಯಾಕತ್ತಾಳ, ಟಪಟಪ ಟಪಟಪ. ಆರಾಮಿಲ್ಲದಾಕಿ ಕೈ ಹಿಂಗ ನಡೀತದೇನು? ನಾಕ ವರ್ಷಾತು, ಆರಾಮಿಲ್ಲ ಆರಾಮಿಲ್ಲ ಅಂತ ಒಂದೇ ರಾಗ. ಕುಣಿಲಾರದಾಕಿ ನೆಲಾ ಡೊಂಕ ಅಂದಳಂತ. ಖರೇ ಬ್ಯಾನಿ ಅಂದ್ರ ಇದು." ಅಂದು ನನ್ನ ಪಾದವನ್ನು ಇನ್ನಷ್ಟು ಅಕ್ಕರೆಯಿಂದ ಒತ್ತಿದರು.

ಒಳಗಿನ ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು, ಈ ಸಲ ಹಂಚು ಒಡೆಯುವ ಹಾಗೆ.

ಚಾದರದ ಒಳಗೆ ನನ್ನ ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು. ನನ್ನನ್ನು ಬೈದಿದ್ದಕ್ಕಲ್ಲ, ಬೈಗುಳ ಮೈಗೆ ಒಗ್ಗಿತ್ತು. ನಾಲ್ಕು ವರ್ಷದಲ್ಲಿ ಮೊದಲನೆಯ ಸಲ ಯಾರೋ ನನ್ನ ಕಾಲು ಮುಟ್ಟಿ ಇದು ಬೇನೆ ಅಂದಿದ್ದರು. ಅದು ನನ್ನ ಕಾಲೆಂದು ಗೊತ್ತಾಗಿದ್ದರೆ ಕೊಡವಿ ಎದ್ದು ಹೋಗುತ್ತಿದ್ದರು.

ಉಮಾಬಾಯಿ ಹೋದ ಮೇಲೆ ಅತ್ತೆ ಹೊರಗೆ ಬಂದರು. ಮೊಣಕೈ ತನಕ ಹಿಟ್ಟು. ಮಂಚದ ಬದಿಗೆ ನಿಂತು ನನ್ನ ಕಾಲನ್ನೇ ನೋಡಿದರು, ಆಮೇಲೆ ತಮ್ಮ ಕಾಲು ನೋಡಿಕೊಂಡರು. ಅವರ ಕಾಲು ಒಣ ಕಟ್ಟಿಗೆಯ ಹಾಗೆ ಗಟ್ಟಿಯಾಗಿ, ನೆಟ್ಟಗಿದ್ದವು.

"ಒಂದೇ ಮನ್ಯಾಗ ಇದ್ದು ನಾ ನೋಡೇ ಇಲ್ಲ," ಅಂದರು. "ನನ್ನ ಬಾಯಾಗ ಮಣ್ಣ ಬೀಳಲಿ. ನಾನೂ ಹಂಗ ಅಂದೀನಿ ನಿನಗ, ಉಮಾನಂಗ."

ಅವತ್ತಿನಿಂದ ನಮ್ಮ ಮನೆಯಲ್ಲಿ ಎರಡು ಪಾಳಿ. ಗುರುಶಾಂತ ಕಾರ್ಖಾನೆಗೆ, ಮಾವ ತಮ್ಮ ಪೆನ್ಶನ್ ಗೆಳೆಯರ ಕಟ್ಟೆಗೆ ಹೊರಬಿದ್ದ ಕೂಡಲೇ ಅತ್ತೆ ಪರಾತಕ್ಕೆ, ನಾನು ಮಂಚಕ್ಕೆ. ಸಂಜೆ ಗೇಟಿನ ಸದ್ದಾದರೆ ಅದಲು ಬದಲು. ನನಗೆ ಗುಣವೇನೂ ಆಗಲಿಲ್ಲ. ಆದರೆ ನಿದ್ದೆ ಮಾಡುತ್ತಿದ್ದೇನೆ ಎಂಬ ಅಪರಾಧವಿಲ್ಲದೆ ನಿದ್ದೆ ಮಾಡಿದೆ. ಅತ್ತೆಗಂತೂ ಹೋದ ಜೀವ ಬಂದಂತಾಯಿತು. ಬುಟ್ಟಿಗಳು ತುಂಬುತ್ತ ಹೋದವು. ಮಾವ ಒಂದು ಸಂಜೆ ರೊಟ್ಟಿ ಎಣಿಸಿ, ಮುನ್ನೂರರ ಮೇಲಾಗಿದ್ದನ್ನು ನೋಡಿ, "ಕಂಡೇನು ಗುರು? ಒಬ್ಬಾಕಿನೇ ಇಷ್ಟ ಮಾಡ್ಯಾಳ. ರಿಪೋರ್ಟ್ ಸುಳ್ಳ ಹೇಳಂಗಿಲ್ಲ," ಅಂದರು. ಅತ್ತೆ ಮಂಚದ ಮೇಲೆ ಗೋಡೆಯ ಕಡೆ ಹೊರಳಿದರು. ಅವರ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದಾರೆ ಅಂದುಕೊಂಡೆ, ಅಲ್ಲ, ಸಿಟ್ಟು.

ಮರುದಿನ ಅವರೇ ಮಾತು ತೆಗೆದರು. ಆರು ವಾರಕ್ಕೆ ಮತ್ತೆ ರಕ್ತ ತಪಾಸಿಸಿರಿ ಎಂದು ಡಾಕ್ಟರು ಹೇಳಿದ್ದರು. ನನ್ನದೂ ಜೊತೆಗೇ ಆಗಲಿ ಎಂದು ಗುರುಶಾಂತ ಇಬ್ಬರ ಹೆಸರನ್ನೂ ಲ್ಯಾಬಿಗೆ ಕೊಟ್ಟಿದ್ದ. ಎಳ್ಳಮವಾಸ್ಯೆಗೆ ಇನ್ನು ಒಂದೇ ವಾರ ಉಳಿದಿತ್ತು.

"ಕಾಗದ ಬೇಕಲ್ಲ ಅವರಿಗಿ? ಕೊಡೂಣು," ಅಂದರು ಅತ್ತೆ. "ನನ್ನ ರಗತ ನಿನ್ನ ಹೆಸರ ಮ್ಯಾಲ ಕೊಡೂಣು. ಹನ್ನೊಂದು ಬರಲಿ ನಿನ್ನ ಹೆಸರಿಗಿ. ಮಂಚದ ಮ್ಯಾಲ ಹಕ್ಕಿಲೆ ಮಕ್ಕೋ."

"ಅತ್ತೀ, ಇದು ಮೋಸ ಆಗತದರಿ."

"ಮೂವತ್ತ ವರ್ಷ ತಲಾಠಿ ಹೇಣ್ತಿ ಆಗೀನಿ. ನನಗ ಕಲಸಬ್ಯಾಡ."

ಲ್ಯಾಬಿನ ಸೂರಜ ಬೆಳಿಗ್ಗೆ ಏಳಕ್ಕೆ ಬಂದ. ಹೆಗಲಿಗೆ ಚೀಲ, ತಲೆಯಲ್ಲಿ ಇನ್ನೂ ಹತ್ತು ಮನೆಯ ಅವಸರ. ಮಾವ ವಾಕಿಂಗಿಗೆ ಹೋಗಿದ್ದರು, ಗುರುಶಾಂತನದು ಮೊದಲ ಪಾಳಿ. ಅತ್ತೆ ಸೆರಗು ಹಣೆಯ ತನಕ ಎಳೆದುಕೊಂಡು ಮೊದಲು ಕೂತರು.

"ನಾವ?" ಎಂದು ಮರಾಠಿಯಲ್ಲಿ ಹೆಸರು ಕೇಳಿದ ಸೂರಜ, ಮೊಬೈಲಿನಿಂದ ಕಣ್ಣೆತ್ತದೆ.

"ಶೈಲಶ್ರೀ ಗುರುಶಾಂತ."

"ವಯ?"

"ಮೂವತ್ತೊಂಬತ್ತು."

ಈಗ ಕಣ್ಣೆತ್ತಿದ. ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದ. ಅತ್ತೆ ಜಗ್ಗಲಿಲ್ಲ. "ಥಾಯರಾಯಿಡಪ್ಪ ತಮ್ಮಾ. ಮಾರಿ ಎಲ್ಲಾ ಹಿಂಗ ಮಾಡಿ ಇಟ್ಟದ," ಅಂದರು. ಪಾಪ, ಅವನು ಲೊಚಗುಟ್ಟಿ, ನೋಯದ ಹಾಗೆ ಸೂಜಿ ಚುಚ್ಚಿದ. ಆಮೇಲೆ ನಾನು ಕೂತೆ. ಪಾರ್ವತಿಬಾಯಿ, ವಯಸ್ಸು ಅರವತ್ತಾರು. ಅವನ ಮುಖ ಅರಳಿತು. "ಆಜೀ, ತುಮ್ಹಿ ಮಾತ್ರ ಛಾನ್ ಮೇಂಟೇನ್ ಕೇಲಂಯ್!" ಅಂದ. ಅಜ್ಜಿ, ನೀವು ಮಾತ್ರ ಚೆನ್ನಾಗಿ ಕಾಪಾಡಿಕೊಂಡಿದ್ದೀರಿ ಎಂದು. ನಾಲ್ಕು ವರ್ಷದಲ್ಲಿ ನನ್ನ ಮೈಗೆ ಸಿಕ್ಕ ಹೊಗಳಿಕೆ ಅದೊಂದೇ.

ರವಿವಾರ ಬೆಳಿಗ್ಗೆ ರಿಪೋರ್ಟ್ ಬಂತು. ಗಂಡಸರಿಬ್ಬರೂ ಮನೆಯಲ್ಲಿದ್ದರು. ಗುರುಶಾಂತ ಫೋನು ಕೈಯಲ್ಲಿ ಹಿಡಿದು ನಡುಮನೆಗೆ ಬಂದ. ನಾನು ಅತ್ತೆಯ ಕಡೆ ನೋಡಿದೆ. ಅವರು ಮಂಚದ ಮೇಲೆ ದೇವರ ಹಾಗೆ ನಿರಾಳವಾಗಿ ಕೂತಿದ್ದರು.

"ಅವ್ವಾ, ನಿಂದು ಮೂರು ಪಾಯಿಂಟ್ ಒಂಬತ್ತು. ಪಾಸ್!" ಅಂದ. "ಶೈಲಾ, ನಿಂದಂತೂ ಭಾರಿ ಬಂದದ. ಎರಡು ಪಾಯಿಂಟ್ ನಾಕು!"

ಅತ್ತೆಯ ಬಾಯಿ ತೆರೆದದ್ದು ತೆರೆದೇ ಉಳಿಯಿತು. ನಮಗಿಬ್ಬರಿಗೂ ಒಮ್ಮೆಲೇ ಹೊಳೆಯಿತು. ಆರು ವಾರ ಮಾವ ಎದುರಿಗೆ ನಿಂತು ನುಂಗಿಸಿದ ಗುಳಿಗೆ ತನ್ನ ಕೆಲಸ ಮಾಡಿತ್ತು. ಬೇನೆಯೇ ಇಲ್ಲದ ಅತ್ತೆಗೆ ಪೂರ್ತಿ ಗುಣವಾಗಿತ್ತು, ಮತ್ತು ಆ ಗುಣವೆಲ್ಲ ನನ್ನ ಹೆಸರಿಗೆ ಜಮೆಯಾಗಿತ್ತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಅದು ಇದೇ.

ಮಾವ ಆಗಲೇ ಫೈಲು ತೆಗೆದಿದ್ದರು. "ಛಲೋ ಆತು. ಗುರು, ಸಿದ್ಧರಾಮಗ ಫೋನ್ ಹಚ್ಚು. ಅತ್ತಿ ಸೊಸಿ ಇಬ್ರೂ ಬುಧವಾರ ಊರಿಗಿ ಬರತಾರಂತ ಹೇಳು. ಈ ವರ್ಷ ದೀಡನೂರ ಮಂದಿ ಕರಿ." ಆಮೇಲೆ ನನ್ನ ಕಡೆ ತಿರುಗಿದರು, ಮತ್ತೆ ಅದೇ ಬುದ್ಧಿ ಹೇಳುವ ದನಿ. "ನೋಡ ಶೈಲಾ, ನಿನ್ನ ತಕರಾರಿಗಿ ಇನ್ನ ಆಧಾರ ಉಳಿಲಿಲ್ಲ."

ನನಗೆ ಅಳುವೂ ಬರಲಿಲ್ಲ. ಬುಧವಾರ, ನೂರೈವತ್ತು ಮಂದಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಗೋಡೆಗೆ ಕೈ ಕೊಟ್ಟು ನಿಂತೆ.

"ಆ ಎರಡು ಪಾಯಿಂಟ್ ನಾಕು ನಂದು," ಅಂದರು ಅತ್ತೆ.

"ಏನಂದಿ?"

"ರಗತ ಅದಲಾಬದಲಿ ಮಾಡೀವಿ. ಆಕಿ ಹೆಸರಿಗಿ ನಾ ಕೊಟ್ಟೀನಿ, ನನ್ನ ಹೆಸರಿಗಿ ಆಕಿ ಕೊಟ್ಟಾಳ."

ಮಾವನ ಮುಖ ಕೆಂಪಾಯಿತು. "ಖೋಟಾ ಕಾಗದ ಮಾಡಿಸಿದ್ರಿ? ನನ್ನ ಮನ್ಯಾಗ?"

"ಹೂಂ, ಮಾಡಿಸಿದ್ವಿ. ಈ ಮನ್ಯಾಗ ಅದೇನ ಹೊಸಾದೇನು?" ಅತ್ತೆ ಮಂಚದಿಂದ ಇಳಿದರು. "ನಮ್ಮ ಹೊಲದಾಗ ಎದಿ ಮಟಾ ಜ್ವಾಳ ನಿಂತಿತ್ತು. ಬಿಸಲಾಗ ಹೋಗಾಕ ಬ್ಯಾಸರಾಗಿ, ಕಟ್ಟಿ ಮ್ಯಾಲ ಕುಂತು ಚಹಾ ಕುಡಕೋತ, ಹೊಲಾ ಬೀಳ ಬಿದ್ದದ ಅಂತ ಉತಾರದಾಗ ಬರದವರು ಯಾರು? ಆ ವರ್ಷ ಪೂರಾ ನೀವು ತಿಂದ ರೊಟ್ಟಿ ಯಾವ ಹೊಲದ್ದು?"

ಮಾವ ಫೈಲು ಹಿಡಿದುಕೊಂಡೇ ಕುರ್ಚಿಗೆ ಕೂತರು. ಗುರುಶಾಂತ ಇನ್ನೂ ಫೋನಿನ ರಿಪೋರ್ಟನ್ನೇ ನೋಡುತ್ತಿದ್ದ. ಹೆಸರು ಅದಲು ಬದಲು ಮಾಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. "ಅಂದ್ರ ಶೈಲಾಂದು ಮೂರು ಪಾಯಿಂಟ್ ಒಂಬತ್ತು," ಅಂದ ಮೆಲ್ಲಗೆ. "ಅವ್ವಾ, ಅಂದ್ರೂ ಅದು ಪಾಸೇ ಆಗತದಲ್ಲ?" ಚುಚ್ಚಲು ಅಂದದ್ದಲ್ಲ. ಅವನಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ.

ಅತ್ತೆ ಸೀದಾ ಅಡುಗೆಮನೆಗೆ ಹೋಗಿ ಶೇಂಗಾ ಎಣ್ಣೆಯ ಬಟ್ಟಲು ತಂದರು. ನನ್ನನ್ನು ಮಂಚದ ಮೇಲೆ ಕೂರಿಸಿ ತಾವು ನೆಲಕ್ಕೆ ಕೂತು, ನನ್ನ ಬಲಗಾಲು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. "ಅತ್ತೀ, ಬ್ಯಾಡ್ರಿ," ಎಂದು ಎಳೆದುಕೊಳ್ಳಲು ಹೋದೆ. ಬಿಡಲಿಲ್ಲ. ಕಾಲುಂಗುರದ ಸುತ್ತ ಎಣ್ಣೆ ಹಚ್ಚಿ ತಿರುಗಿಸತೊಡಗಿದರು. ಉಂಗುರ ಬೆರಳಿನ ಮಾಂಸದಲ್ಲಿ ಹೂತು ಹೋಗಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ತೆಗೆಸಬೇಕಾಗುತ್ತದೆ, ಕಾಲುಂಗುರ ತೆಗೆಸುವುದು ಯಾವಾಗ ಎಂಬುದು ಎಲ್ಲರಿಗೂ ಗೊತ್ತು.

ಮಾವ ಎದ್ದು ನಿಂತರು. "ಏ ಪಾರ್ವತಿ! ತಲಿ ಕೆಟ್ಟದೇನು? ಗಂಡ ಜೀವಂತ ಇರೂಮುಂದ ಕಾಲುಂಗರ ತಗೀತಾರೇನು?"

"ಜೀವಂತ ಇದ್ದಾನ?" ಅತ್ತೆ ತಲೆ ಎತ್ತಲಿಲ್ಲ, ತಿರುಗಿಸುತ್ತಲೇ ಇದ್ದರು. "ದಾಖಲಾ ಅದ ಏನು? ಪೆನ್ಶನ್ ಸಲುವಾಗಿ ಪ್ರತಿ ನವೆಂಬರಕ್ಕ ನೀವು ಬ್ಯಾಂಕಿಗಿ ಹೋಗಿ ಜೀವಂತ ಅದೀನಿ ಅಂತ ಕಾಗದ ಕೊಟ್ಟ ಬರತೀರಿ. ಇವಂದು ಎಲ್ಲದ? ತೋರಸ್ರಿ. ನನಗ ಕಣ್ಣೀಲೆ ಕಂಡದ್ದು ನಡಿಯಂಗಿಲ್ಲ."

ಮಾವ ಮಗನನ್ನು ನೋಡಿದರು, ಮಗ ಅಪ್ಪನನ್ನು ನೋಡಿದ. ಯಾರ ಹತ್ತಿರವೂ ಕಾಗದ ಇರಲಿಲ್ಲ. ಆ ಹೊತ್ತಿಗೆ ಉಂಗುರ ಜಾರಿತು. ನಾನು ನೋವಿಗೆ ಚೀರಿದೆ. ಬೆರಳಿನ ಸುತ್ತ ನೀಲಿಗಟ್ಟಿದ ಗೆರೆ, ಒಂದು ಕಡೆ ತೊಗಲು ಹರಿದು ಹಸಿಯಾಗಿತ್ತು.

ಗುರುಶಾಂತ ಫೋನು ಇಟ್ಟು ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತ. ಇಪ್ಪತ್ತು ವರ್ಷ ಟಾವೆಲಿನಲ್ಲಿ ಹರಿದ ಎಳೆಯನ್ನು ಬೆರಳಿನಿಂದಲೇ ಹುಡುಕಿದವನು. ಆ ಗೆರೆಯ ಮೇಲೆ ಬೆರಳು ಆಡಿಸಿದ.

"ಎಷ್ಟ ದಿನಾತು ಇದು?"

"ಎರಡ ವರ್ಷಾತ್ರಿ."

"ನನಗ ಹೇಳಲಿಲ್ಲಲ್ಲ."

"ಆರಾಮಿಲ್ಲ ಅಂತ ದಿನಾ ಹೇಳೀನ್ರಿ," ಅಂದೆ. "ನೀವು ರೇಂಜ್ ಹೇಳಿದ್ರಿ."

ಅವನು ಎದ್ದ. ಕಿಟಕಿಯ ಹತ್ತಿರ ಹೋಗಿ ಸಿದ್ಧರಾಮನಿಗೆ ಫೋನು ಹಚ್ಚಿದ. ಅವನ ಫೋನಿನಲ್ಲಿ ಆಚೆಯವರ ಮಾತೂ ಯಾವಾಗಲೂ ಅರ್ಧ ಮನೆಗೆ ಕೇಳಿಸುತ್ತದೆ.

"ಸಿದ್ಧರಾಮ, ಈ ಸಲ ಅಡಗಿಗಿ ನಮ್ಮ ಮನಿಯಿಂದ ಹೆಣಮಕ್ಕಳು ಬರಂಗಿಲ್ಲ. ಯಾರನ್ನರೆ ಅಡಗಿಯವರನ್ನ ಹಚ್ಚು. ಮಂದಿನೂ ಕಮ್ಮಿ ಕರಿ."

"ಯಾಕ ಅಣ್ಣಾ, ಏನಾತು?"

"ನಿಮ್ಮ ವೈನಿಗಿ ಆರಾಮಿಲ್ಲ."

"ಅಯ್ಯ, ಇವತ್ತ ರಿಪೋರ್ಟ್ ಬರೂದಿತ್ತಲ್ಲ? ಏನ ಬಂತು?"

ಗುರುಶಾಂತ ನನ್ನ ಕಡೆ ನೋಡಿದ. ಮಾವನ ಕೈಯಲ್ಲಿದ್ದ ಫೈಲಿನ ಕಡೆ ನೋಡಿದ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದೊಂದು ಒಳ್ಳೆಯ ಗುಣ.

"ನಾರ್ಮಲ್ ಬಂದದ," ಅಂದ.

"ಮತ್ತ?"

"ಮತ್ತೇನು. ಆರಾಮಿಲ್ಲ ಆಕಿಗಿ."

ಆ ಮಾತಿಗೆ ನನ್ನ ದಣಿವು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಚಳಿ ಚಳಿಯಾಗಿಯೇ ಇತ್ತು, ಕಾಲು ಬಾತೇ ಇದ್ದವು. ಇವತ್ತಿಗೂ ಹಾಗೆಯೇ ಇವೆ. ಯಾಕೆ ಎಂದು ಯಾವ ಡಾಕ್ಟರಿಗೂ ಇನ್ನೂ ಸರಿಯಾಗಿ ಗೊತ್ತಾಗಿಲ್ಲ. ಆದರೆ ಅವತ್ತು, ರವಿವಾರ ಬೆಳಗಿನ ಹನ್ನೊಂದು ಗಂಟೆಗೆ, ಸ್ಟವಿನ ಮೇಲೆ ಅನ್ನಕ್ಕೆ ಇಟ್ಟ ನೀರು ಕುದಿಯುತ್ತಿರುವಾಗ, ಎಲ್ಲರೂ ನೋಡುತ್ತಿರುವಾಗಲೇ ಒಳಗೆ ಹೋಗಿ ಮಲಗಿದೆ. ಸ್ವಲ್ಪ ಹೊತ್ತಿಗೆ ಯಾರೋ ಎದ್ದು ಹೋಗಿ ಕುದಿಯುವ ನೀರಿಗೆ ಅಕ್ಕಿ ಹಾಕಿದ್ದು ಕೇಳಿಸಿತು.